ಅಜೀಲ್ಡಜ್ಜಿಯ ಬಾಯಿಗೆ ಬೀಗ ಬಿದ್ದ ಚಳಿಗಾಲ

ಅಜೀಲ್ಡಜ್ಜಿಯ ಹೊಟ್ಟೆಯಲ್ಲಿ ಊಟ ನಿಲ್ಲುತ್ತಿತ್ತೇ ಹೊರತು ಮಾತು ನಿಲ್ಲುತ್ತಿರಲಿಲ್ಲ. ಮೇಯ್ನ್ ಸೀಮೆಯ ಉತ್ತರದ ತುದಿಯಲ್ಲಿ, ನದಿ ದಾಟಿದರೆ ಕೆನಡಾ ಎನ್ನುವಂಥ ನಮ್ಮೂರಿನಲ್ಲಿ, ಯಾರ ಮನೆಯ ಹಸು ಕರು ಹಾಕಿತು, ಯಾರ ಮಗ ಯಾರ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ ಎನ್ನುವುದೆಲ್ಲ ಅವಳ ಬಾಯಿಂದಲೇ ಊರಿಗೆ ಹಂಚಿಕೆಯಾಗಬೇಕು. ಹಾಗೆಂದು ಚಾಡಿಕೋರಿಯಲ್ಲ. ಕೆಟ್ಟ ಸುದ್ದಿಯನ್ನು ನುಂಗಿಕೊಳ್ಳುತ್ತಿದ್ದಳು. ಒಳ್ಳೆಯ ಸುದ್ದಿ ಮಾತ್ರ ಅವಳಿಗೆ ತಡೆಯಲಾಗದ ಕೆಮ್ಮು. ಆಲೂಗಡ್ಡೆ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ದುಡಿದು, ಗಂಡ ರೊಜೇರ್‌ನನ್ನು ಮಣ್ಣು ಮಾಡಿ, ಈಗ ಮಗ ಜೀಲ್‌ನ ಮನೆಯಲ್ಲಿದ್ದಳು. ಜೀಲ್ ಚಳಿಗಾಲವಿಡೀ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ, ಸೊಸೆ ಆಸ್ಪತ್ರೆಯ ಪಾಳಿಗೆ ಹೋಗುತ್ತಾಳೆ. ಹಾಗಾಗಿ ಮೊಮ್ಮಗಳು ಕೋಲೆಟ್ ಬೆಳೆದದ್ದು ಅಜ್ಜಿಯ ಮಡಿಲಲ್ಲಿ. ನಮ್ಮಲ್ಲಿ ಅಜ್ಜಿಯನ್ನು ಮೆಮೇರ್, ಅಜ್ಜನನ್ನು ಪೆಪೇರ್ ಎಂದು ಕರೆಯುತ್ತೇವೆ.

ಕೋಲೆಟ್‌ಗೆ ಕಲ್ಲಿನ ಹುಚ್ಚು. ಶರತ್ಕಾಲದಲ್ಲಿ ಆಲೂಗಡ್ಡೆ ಕೀಳಲೆಂದು ಶಾಲೆಗೆ ರಜೆ ಕೊಟ್ಟಾಗ ಬೇರೆ ಮಕ್ಕಳು ಗಡ್ಡೆ ಆರಿಸಿದರೆ ಇವಳು ಅದರ ಜೊತೆ ಎದ್ದು ಬಂದ ಕಲ್ಲನ್ನೂ ಜೇಬಿಗಿಳಿಸುತ್ತಿದ್ದಳು. ಭೂಮಿಯ ಹೊಟ್ಟೆಯೊಳಗಿನ ವಿದ್ಯೆಯನ್ನೇ ಓದಬೇಕೆಂದು ಹಟ. ನವೆಂಬರಿನಲ್ಲಿ ಕಡಲತಡಿಯ ಒಂದು ದೊಡ್ಡ ಕಾಲೇಜಿಗೆ ಅರ್ಜಿ ಹಾಕಿದಳು. ಅದೂ ಸಾದಾ ಅರ್ಜಿಯಲ್ಲ. ನೀವು ಕರೆದರೆ ಬಂದೇ ಬರುತ್ತೇನೆ, ಬೇರೆ ಕಾಲೇಜಿನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು ಹಾಕುವಂಥದ್ದು. ಒಂದು ಸಲಕ್ಕೆ ಒಂದೇ ಕಡೆ ಹಾಗೆ ಮಾತು ಕೊಡಬಹುದು. ಬದಲಿಗೆ ಅವರ ಉತ್ತರ ಬೇಗ ಬರುತ್ತದೆ.

"ಅಂದ್ರೆ ನಿಶ್ಚಿತಾರ್ಥ ಅನ್ನು," ಎಂದಳು ಅಜ್ಜಿ.

"ಅವರಿನ್ನೂ ಒಪ್ಪಿಲ್ಲ ಮೆಮೇರ್."

"ನಿನ್ನಂಥವಳನ್ನ ಯಾವ ಮೂರ್ಖ ಬೇಡ ಅಂತಾನೆ?"

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಅಜೀಲ್ಡಜ್ಜಿ ನಿಜವಾಗಿಯೇ ಕುಲಾವಿ ಹೆಣೆದಳು. ಆ ಕಾಲೇಜಿನ ಬಣ್ಣ ನೀಲಿ. ಉಣ್ಣೆಯ ಅಂಗಡಿಯ ನೀಲಿಯೆಲ್ಲ ಖಾಲಿಯಾಯಿತು. ಜೀಲ್‌ನ ತಲೆಗೊಂದು ನೀಲಿ ಟೋಪಿ, ಪಾದ್ರಿ ಬೆನ್ವಾ ಅವರಿಗೊಂದು, ಕೂದಲಿನ ಅಂಗಡಿ ನಡೆಸುವ ಗೆಳತಿ ಜೆರ್ಮೇನ್‌ಗೊಂದು, ಅಂಚೆಯವನಿಗೊಂದು. ಡಿಸೆಂಬರ್ ಬರುವ ಹೊತ್ತಿಗೆ ಅರ್ಧ ಊರು ನೀಲಿ ತಲೆಯಲ್ಲಿ ಓಡಾಡುತ್ತಿತ್ತು.

ಕ್ರಿಸ್‌ಮಸ್‌ಗೆ ಇನ್ನೂ ವಾರವಿರುವಾಗ ಉತ್ತರ ಬಂತು. ಬೇಡ ಎಂದರು. ಮೃದುವಾಗಿ, ಉದ್ದವಾಗಿ, ಬಹಳ ಮರ್ಯಾದೆಯಿಂದ ಬೇಡ ಎಂದರು.

ಆಮೇಲೆ ಶುರುವಾಯಿತು ನೋಡಿ ಊರಿನ ಪ್ರೀತಿ. ಯಾರಾದರೂ ಸತ್ತರೆ ಮನೆಗೆ ಮಾಂಸದ ಪೈ ಮಾಡಿ ತಂದುಕೊಡುವುದು ನಮ್ಮ ಪದ್ಧತಿ. ಕೋಲೆಟ್‌ಳ ಮನೆಗೂ ತಂದರು. ಅಡುಗೆಮನೆಯ ಕಟ್ಟೆ ಸಾಲದೆ ಪೈಗಳನ್ನು ಹೊರಗಿನ ಹಿಮದಲ್ಲಿಡಬೇಕಾಯಿತು. ದಿನಸಿ ಅಂಗಡಿಯವನು ಅವಳ ಕೈ ಹಿಡಿದು ನಿಟ್ಟುಸಿರು ಬಿಟ್ಟ. ಭಾನುವಾರದ ಪೂಜೆಯಲ್ಲಿ ರೋಗಿಗಳ ಹೆಸರಿನ ನಡುವೆ ಅವಳ ಹೆಸರೂ ಕೇಳಿಬಂತು. ಅಜ್ಜಿ ತಲೆ ತಗ್ಗಿಸಿಕೊಂಡು ಮನೆಮನೆಗೆ ಹೋಗಿ ಟೋಪಿಗಳನ್ನು ವಾಪಸು ಇಸಿದುಕೊಂಡು ಬಿಚ್ಚಿ ಉಂಡೆ ಸುತ್ತಿದಳು.

"ಅಮ್ಮಾ, ಕಾಲೇಜಿಗೂ ನನ್ನ ಕಿವಿಗೂ ಏನು ಜಗಳ? ಟೋಪಿ ಬಿಡು," ಎಂದು ಜೀಲ್ ಗೋಗರೆದ. ಬಿಡಲಿಲ್ಲ.

ಒಂದು ಬೆಳಿಗ್ಗೆ ಕೋಲೆಟ್ ಅಜ್ಜಿಯ ಮುಂದೆ ಬಂದು ಕೂತಳು. ಕಣ್ಣು ಇನ್ನೂ ಊದಿಕೊಂಡಿದ್ದರೂ ಮುಖದಲ್ಲಿ ಕಳೆ ಬಂದಿತ್ತು.

"ಮೆಮೇರ್, ಬೆಟ್ಟದ ಮೇಲೆ ಇನ್ನೊಂದು ಕಾಲೇಜಿದೆ. ಚಿಕ್ಕದು. ಆದ್ರೆ ಮೊದಲ ವರ್ಷದಿಂದ್ಲೇ ಹುಡುಗ್ರ ಕೈಗೆ ಸುತ್ತಿಗೆ ಕೊಟ್ಟು ಬಂಡೆ ಹತ್ತಿಸ್ತಾರಂತೆ. ಜನವರಿಯಲ್ಲಿ ಮತ್ತೊಂದು ಸಲ ಹಾಗೇ ಮಾತು ಕೊಟ್ಟು ಅರ್ಜಿ ಹಾಕ್ಬೋದು. ಹಾಕ್ಲಾ? ಜನ ನಗ್ತಾರಾ? ಒಬ್ರು ಬೇಡ ಅಂದ ತಿಂಗಳೊಳಗೆ ಇನ್ನೊಬ್ರಿಗೆ ನೀವೇ ನನ್ನ ಪ್ರಾಣ ಅನ್ನೋದು ಸರೀನಾ?"

ಅಜ್ಜಿ ಹೆಣಿಗೆಯ ಕಡ್ಡಿ ಕೆಳಗಿಟ್ಟಳು. ಗೋಡೆಯ ಮೇಲಿದ್ದ ರೊಜೇರ್‌ನ ಚಿತ್ರದ ಕಡೆ ನೋಡಿದಳು. ಪಿಟೀಲು ಹಿಡಿದು, ಬಾಯಿ ತುಂಬ ನಗುತ್ತ, ಒಂದು ಹಲ್ಲಿಲ್ಲದ ರೊಜೇರ್.

"ನಿನಗೆ ಹೇಳಿರ್ಲಿಲ್ಲ. ನನಗೆ ಮೊದಲು ಮದುವೆ ಗೊತ್ತಾಗಿದ್ದು ನದಿಯಾಚೆಯ ಲೆಯೊನಾರ್ ಜೊತೆ. ಉಡುಪು ಕೂಡ ಹೊಲಿಸಿದ್ದೆ. ಮದುವೆಗೆ ಹದಿನೈದು ದಿನ ಇದೆ ಅನ್ನುವಾಗ ಬೇಡ ಅಂದ. ನಾನು ಆಲೂಗಡ್ಡೆ ಬುಟ್ಟಿ ಮೇಲೆ ಕೂತು ಅಳ್ತಿದ್ರೆ ನಿಮ್ಮ ಪೆಪೇರ್ ಬಂದು, ಸ್ವಲ್ಪ ಏಳ್ತೀಯಾ, ಆ ಬುಟ್ಟಿ ನಂದು ಅಂದ."

"ಆಮೇಲೆ?"

"ಆಮೇಲೇನು, ಅದೇ ಉಡುಪು. ಸೊಂಟದ ಹತ್ರ ಒಂಚೂರು ಸಡಿಲ ಮಾಡಿಸ್ದೆ, ಅಳ್ತಾ ಅಳ್ತಾ ತುಂಬಾ ತಿಂದಿದ್ದೆ. ಐವತ್ತೊಂದು ವರ್ಷ ಆ ಮನುಷ್ಯ ನನ್ನ ನಗಿಸಿದ. ನಿಮ್ಮ ಪೆಪೇರ್ ನನ್ನ ಎರಡನೇ ಅರ್ಜಿ ಕಣೇ. ಹೋಗು, ಹಾಕು!"

ಕೋಲೆಟ್ ನಕ್ಕಳು. ಬಹಳ ದಿನದ ಮೇಲಿನ ನಗು. ನಕ್ಕು ಮುಗಿಸಿ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು.

"ಆದ್ರೆ ಉತ್ತರ ಬರೋ ತನಕ ಯಾರಿಗೂ ಹೇಳ್ಬಾರ್ದು. ಕಾಲೇಜು ಬೇಡ ಅಂದದ್ದನ್ನ ತಡ್ಕೊಂಡೆ. ಆ ಪೈಗಳನ್ನ ಇನ್ನೊಂದು ಸಲ ತಡ್ಕೊಳ್ಳೋಕೆ ಆಗಲ್ಲ. ನಾನು ಅವರಿಗೆ ಮಾತು ಕೊಡ್ತೀನಿ, ನೀನು ನನಗೆ ಕೊಡು."

ಅಜ್ಜಿ ಕೊಟ್ಟಳು. ಕೊಟ್ಟ ಮೇಲೆ ಬೆರಳು ಮಡಚಿ ವಾರ ಎಣಿಸಿದಳು. ಉತ್ತರ ಬರುವುದು ಫೆಬ್ರವರಿಯ ನಡುವಿನಲ್ಲಿ!

ಆ ಜನವರಿಯನ್ನು ನಮ್ಮೂರು ಮರೆಯುವುದಿಲ್ಲ. ಅಜ್ಜಿ ಜೆರ್ಮೇನ್‌ಳ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಅಲ್ಲಿ ತಲೆ ಒದ್ದೆಯಾದರೆ ಬಾಯಿ ಸಡಿಲವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪೂಜೆ ಮುಗಿದ ಮೇಲಿನ ಕಾಫಿಗೂ ನಿಲ್ಲದೆ ಮನೆ ಸೇರುತ್ತಿದ್ದಳು. ಬೆಟ್ಟದ ಕಾಲೇಜಿನ ಬಣ್ಣ ಹಸಿರು, ಹಾಗಾಗಿ ಉಣ್ಣೆಯ ಅಂಗಡಿಯಲ್ಲಿ ಹಸಿರನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹೇಗಿದ್ದೀಯ ಎಂದು ಕೇಳಿದರೆ "ಹ್ಞೂಂ" ಎನ್ನುವಳು. ಅಜೀಲ್ಡಜ್ಜಿ "ಹ್ಞೂಂ" ಎಂದರೆ ಊರು ಹೆದರದೆ ಇದ್ದೀತೇ? ಜೆರ್ಮೇನ್ ಓಡಿಹೋಗಿ, ಗೆಳತಿಗೆ ಕಡೆಗಾಲ ಬಂದಂತಿದೆ ಎಂದು ಪಾದ್ರಿಯನ್ನು ಕಳಿಸಿದಳು.

ಪಾದ್ರಿ ಬೆನ್ವಾ ಸಾಯುವವರ ಹಣೆಗೆ ಹಚ್ಚುವ ಪವಿತ್ರ ತೈಲದ ಸೀಸೆ ಜೇಬಲ್ಲಿಟ್ಟುಕೊಂಡು ಬಂದಾಗ ಅಜ್ಜಿ ಒಲೆಯ ಮುಂದೆ ಗಟ್ಟಿಮುಟ್ಟಾಗಿ ನಿಂತು ನಮ್ಮ ಸೀಮೆಯ ಹಿಟ್ಟಿನ ದೋಸೆ ಹುಯ್ಯುತ್ತಿದ್ದಳು.

"ನೋವೇನಾದ್ರೂ ಇದೆಯಾ ಅಜೀಲ್ಡಾ?"

"ಇದೆ ಫಾದರ್. ಇಲ್ಲಿ," ಎಂದು ಗಂಟಲು ತೋರಿಸಿದಳು. ಆಗ ಅವಳ ಕಣ್ಣು ಮಿಂಚಿತು. "ಫಾದರ್, ಪಾಪ ನಿವೇದನೆಯಲ್ಲಿ ಹೇಳಿದ್ದನ್ನ ನೀವು ಯಾರಿಗೂ ಹೇಳೋ ಹಾಗಿಲ್ಲ ಅಲ್ವಾ?"

"ಪ್ರಾಣ ಹೋದ್ರೂ ಇಲ್ಲ."

"ಹಾಗಿದ್ರೆ ಕೂತ್ಕೊಳ್ಳಿ. ನಾನು ಪಾಪಿ."

ಪಾಪ ಎಂದು ಅವಳು ಏನು ಹೇಳಿದಳೋ ದೇವರಿಗೇ ಗೊತ್ತು. ಕಿಟಕಿಯಾಚೆ ಹಿಮ ತಳ್ಳುತ್ತಿದ್ದ ಜೀಲ್‌ಗೆ ಕಂಡದ್ದು ಇಷ್ಟು: ಅಮ್ಮ ಎರಡೂ ಕೈ ಆಡಿಸುತ್ತ ಬೆಟ್ಟ, ಬಂಡೆ, ಸುತ್ತಿಗೆ ಎಲ್ಲವನ್ನೂ ಗಾಳಿಯಲ್ಲಿ ಬರೆಯುತ್ತಿದ್ದಾಳೆ, ಪಾದ್ರಿ ದೋಸೆ ತಿನ್ನುವುದನ್ನೂ ಮರೆತು ಕೇಳುತ್ತಿದ್ದಾರೆ. ಅಂದಿನಿಂದ ಪ್ರತಿ ಭಾನುವಾರ ಪಾದ್ರಿ ಪ್ರಸಾದ ಕೊಡುವಾಗ ಒಂದು ಹುಬ್ಬು ಏರಿಸುತ್ತಿದ್ದರು, ಅಜ್ಜಿ ಇನ್ನೂ ಇಲ್ಲ ಎಂದು ತಲೆಯಾಡಿಸುತ್ತಿದ್ದಳು.

ಉತ್ತರ ಬರುವ ಶುಕ್ರವಾರ ಜೋರು ಗಾಳಿಗೆ ಮನೆಯ ಇಂಟರ್‌ನೆಟ್ ತಂತಿ ಹರಿದುಬಿತ್ತು. ಅಂದು ಸಂಜೆ ಚರ್ಚಿನ ಸಭಾಭವನದಲ್ಲಿ ಬೀನ್ಸ್ ಊಟ. ಅಲ್ಲಿ ಇಂಟರ್‌ನೆಟ್ ಇತ್ತು, ಜೊತೆಗೆ ಇಡೀ ಊರೂ ಇತ್ತು. ಬೇರೆ ದಾರಿಯಿಲ್ಲದೆ ಕೋಲೆಟ್ ಫೋನು ಹಿಡಿದು ಕೋಟು ನೇತುಹಾಕುವ ಕೋಣೆಯೊಳಗೆ ಸೇರಿಕೊಂಡಳು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ದಾರಿ ಬಿಡೇ," ಎಂದಳು ಜೆರ್ಮೇನ್. "ಕೋಟಿನಲ್ಲಿ ನನ್ನ ಕನ್ನಡಕ ಇದೆ."

"ಕನ್ನಡಕ ಇಲ್ದೇನೂ ಬಾಯಿ ಎಲ್ಲಿದೆ ಅಂತ ನಿನಗೆ ಗೊತ್ತು. ಹೋಗಿ ಉಣ್ಣು."

"ಅಬ್ಬಾ, ಮಾತು ಬಂತು ಇವಳಿಗೆ!"

ಒಳಗಿಂದ ಸದ್ದೇ ಇಲ್ಲ. ಅಜ್ಜಿ ತನಗೆ ಗೊತ್ತಿದ್ದ ಸಂತರನ್ನೆಲ್ಲ ಕರೆದಳು, ಕೊನೆಗೆ ರೊಜೇರ್‌ನನ್ನೂ ಕರೆದಳು. ಮತ್ತೆ ಬೇಡ ಎಂದರೆ ಈ ಹುಡುಗಿ ತನ್ನನ್ನು ತಾನೇ ಬೇಡ ಎಂದುಕೊಳ್ಳುತ್ತಾಳೆ ಎಂಬ ಭಯ ಅವಳನ್ನು ಹಿಂಡುತ್ತಿತ್ತು. ಬಾಗಿಲು ತೆರೆಯಿತು. ಕೋಲೆಟ್‌ಳ ಕೆನ್ನೆ ತೊಯ್ದುಹೋಗಿತ್ತು.

"ಕರೆದ್ರು ಮೆಮೇರ್," ಎಂದು ಅಜ್ಜಿಯ ಕಿವಿಯಲ್ಲಿ ಹೇಳಿದಳು. "ಈಗ ಹೇಳು. ಎಲ್ರಿಗೂ ಹೇಳು."

ಅಜ್ಜಿ ನೆಟ್ಟಗೆ ಬಿಂಗೊ ಆಟದ ಅಂಕಿ ಕೂಗುವ ಕಟ್ಟೆ ಹತ್ತಿ ಮೈಕು ಹಿಡಿದಳು. ಉಣ್ಣುತ್ತಿದ್ದವರೆಲ್ಲ ಅತ್ತ ತಿರುಗಿದರು. ಆರು ವಾರ ಅದುಮಿಟ್ಟ ಮಾತು ಗಂಟಲಿಗೆ ಒಟ್ಟಿಗೆ ಬಂದು ಅಲ್ಲೇ ಸಿಕ್ಕಿಕೊಂಡಿತು. ಬಾಯಿ ತೆರೆದರೆ ಬಂದದ್ದು ಬರೀ ಅಳು. ಕೆಳಗೆ ಮೊಮ್ಮಗಳೂ ಅಳುತ್ತಿದ್ದಾಳೆ. ಜೆರ್ಮೇನ್ ಎದೆಗೆ ಕೈ ಇಟ್ಟುಕೊಂಡು ಎದ್ದಳು.

"ಅಯ್ಯೋ ಮಗಳೇ, ಮತ್ತೇನು ಕೆಟ್ಟದಾಯ್ತು! ಇರು, ಒಳಗೆ ಪೈ ಇದೆ, ಈಗ್ಲೇ ತರ್ತೀನಿ."

ಅಜ್ಜಿಗೆ ದನಿ ಬಂದದ್ದೇ ಆಗ. "ಆ ಪೈ ಮುಟ್ಟಿದ್ರೆ ಕೈ ಮುರೀತೀನಿ ಜೆರ್ಮೇನ್! ಕರೆದಿದಾರೆ! ನನ್ನ ಮಗೂನ ಕಾಲೇಜಿಗೆ ಕರೆದಿದಾರೆ! ಕೇಕ್ ತಾ!"

ಎಲ್ಲರಿಗಿಂತ ಮೊದಲು ಕುರ್ಚಿ ಉರುಳಿಸಿಕೊಂಡು ಎದ್ದು ಕೂಗಿದವರು ಪಾದ್ರಿ ಬೆನ್ವಾ. "ಬೆಟ್ಟದ್ದೇ ತಾನೇ?" ಎಂದುಬಿಟ್ಟು ಬಾಯಿ ಮುಚ್ಚಿಕೊಂಡರು.

"ನಿಮಗೆ ಹೇಗೆ ಗೊತ್ತು ಫಾದರ್?" ಎಂದಳು ಜೆರ್ಮೇನ್.

"ನನಗೇನೂ ಗೊತ್ತಿಲ್ಲಮ್ಮ. ಬೀನ್ಸ್ ಚೆನ್ನಾಗಿದೆ."

ಕೋಲೆಟ್ ಅಜ್ಜಿಯ ಮುಖ ನೋಡಿದಳು. ಅಜ್ಜಿ ಚಾವಣಿ ನೋಡಿದಳು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾರೋ ಜೀಲ್‌ಗೆ ಫೋನು ಮಾಡಿದರು. ಸ್ವಲ್ಪ ಹೊತ್ತಿಗೆ ಹಿಮದ ಲಾರಿ ಊರಿನ ಬೀದಿಬೀದಿಯಲ್ಲಿ ಹಾರನ್ ಬಾರಿಸುತ್ತ ಸುತ್ತುವುದು ಕೇಳಿಸಿತು.

ಮರುದಿನ ಉಣ್ಣೆಯ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅಜೀಲ್ಡಜ್ಜಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಹಸಿರು ಇದ್ದಷ್ಟನ್ನೂ ಹೊತ್ತು ತಂದು ಅಡುಗೆಮನೆಯ ಮೇಜಿನ ಮೇಲೆ ಸುರಿದಳು.

"ಮೆಮೇರ್, ಚಳಿಗಾಲ ಮುಗೀತಾ ಬಂತಲ್ಲ," ಎಂದಳು ಕೋಲೆಟ್. "ಈಗ ಟೋಪಿ ಯಾರಿಗೆ?"

"ಸುಮ್ನಿರೇ," ಎಂದಳು ಅಜ್ಜಿ, ಆಗಲೇ ಮೊದಲ ಸಾಲು ಹೆಣೆಯುತ್ತ. "ಈ ಸಲ ಕೂಸು ಹುಟ್ಟಿದೆ. ಕುಲಾವಿ ಬೇಡ್ವಾ?"