ಹುಬ್ಬಳ್ಳಿ ಯಾವ ಕಡೆ

ಯಮನೂರಿನ ಗೆಳೆಯನಿಗೆ ನಾನು ಹೇಳಿದ್ದೆನೋ ಇಲ್ಲವೋ, ಹೋದ ತಿಂಗಳ ತನಕ ಆಣೆ ಮಾಡಿ ಹೇಳಲಾಗುತ್ತಿರಲಿಲ್ಲ. ಹೇಳಿದ್ದೆ ಎಂದೇ ನನ್ನ ನೆನಪು. ಆ ನೆನಪಿನಲ್ಲಿ ನಾನು ಸಂಶಿಯ ಬಸ್ ಸ್ಟ್ಯಾಂಡಿನ ಎದುರಿಗೆ ದರ್ಜಿ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಬಿಸಿಲು ಇಳಿದಿರುತ್ತದೆ. ಫೋನು ಕಿವಿಗಿಟ್ಟುಕೊಂಡು, ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ, ಒಂದೊಂದೇ ಬಿಡಿಸಿ ಅವನಿಗೆ ಹೇಳುತ್ತಿರುತ್ತೇನೆ. ಇಷ್ಟು ಅಚ್ಚುಕಟ್ಟಾದ ನೆನಪು ಬೇರೆಯವರದಾಗಿದ್ದರೆ ನಾನು ನಂಬುತ್ತಿರಲಿಲ್ಲ. ಧಾರವಾಡದಲ್ಲಿ ಎರಡು ವರ್ಷ ಇತಿಹಾಸ ಎಂ.ಎ. ಓದಿ ನಾನು ಕಲಿತದ್ದು ಅದೊಂದೇ: ಸಾಕ್ಷಿ ತನಗೆ ಅನುಕೂಲವಾದದ್ದನ್ನು ಹೇಳುವಾಗ ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು. ಇಲ್ಲಿ ಸಾಕ್ಷಿ ನಾನೇ.

ಇದೆಲ್ಲ ಫೋನಿನಲ್ಲಿ ಆಡುವ ಬಂದೂಕಿನ ಆಟದ ಸಂಗತಿ. ನಗುವವರು ಈಗಲೇ ನಕ್ಕು ಮುಗಿಸಲಿ. ನಾನು ಪಿಯು ಕಾಲೇಜಿನಲ್ಲಿ ಪಾಠ ಹೇಳುವವನು. ನಮ್ಮ ಸ್ಟಾಫ್ ರೂಮಿನಲ್ಲಿಯೂ ನಕ್ಕಿದ್ದಾರೆ. 'ಮಾಸ್ತರಾಗಿ ಢಂ ಢಂ ಆಟ ಆಡತೀರೆಲ್ರೀ' ಎಂದವರಿಗೆ ಅಂದೇ ಹೇಳಿದ್ದೆ, 'ಹೌದ್ರಿ, ಆಡ್ತೇನಿ, ನಾಳೆನೂ ಆಡ್ತೇನಿ' ಎಂದು. ಇಸ್ಪೀಟಿಗೆ ಕೂತವರಿಗೆ ಯಾರೂ ವಯಸ್ಸು ಕೇಳುವುದಿಲ್ಲ.

ನಾಲ್ಕು ಜನರ ತಂಡ ನಮ್ಮದು. ಮೊದಲು ಮೂವರೇ ಇದ್ದೆವು. ಒಬ್ಬ ನಾನು. ಇನ್ನೊಬ್ಬ ಹೆಂಗಸರ ಬಟ್ಟೆ ಹೊಲಿಯುವ ದರ್ಜಿ, ಅವನ ಅಂಗಡಿಯೇ ನಮ್ಮ ಠಾಣೆ. ಮೂರನೆಯವನು ಧಾರವಾಡದಲ್ಲಿ ನನ್ನ ಸಹಪಾಠಿಯಾಗಿದ್ದವನು. ಈಗ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅಲ್ಲಿಂದಲೇ, ಕಿವಿಗೆ ವೈರು ಸಿಕ್ಕಿಸಿಕೊಂಡು, ನಮ್ಮ ಜೊತೆ ಆಡುತ್ತಿದ್ದ. ಆಟದ ನಡುವೆ ಒಮ್ಮೊಮ್ಮೆ ಅವನ ದನಿ ಬರುವುದು: 'ಎರಡ ನಿಮಿಷ ತಡೀರಿ, ಆಧಾರ ಕಾರ್ಡಿಂದು ಒಂದ ಕಾಪಿ ತಗದ ಕೊಟ್ಟ ಬರ್ತೇನಿ.' ಅವನು ಬರುವಷ್ಟರಲ್ಲಿ ಅವನನ್ನು ಯಾರೋ ಕೊಂದು ಹೋಗಿರುತ್ತಿದ್ದರು.

ನಾಲ್ಕನೆಯವರು ಕಾಕಾ. ನಮ್ಮ ತಂದೆಯ ದೊಡ್ಡಪ್ಪನ ಮಗ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಲಾಳು ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಈಗ ಎರೆಹೊಲದಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ. ಒಂದು ಮಧ್ಯಾಹ್ನ ಪ್ಯಾಂಟು ಗಿಡ್ಡ ಮಾಡಿಸಲು ಬಂದವರು ದರ್ಜಿಯ ಬೆನ್ನ ಹಿಂದೆ ನಿಂತು ನಾವು ಸಾಯುವುದನ್ನು ನೋಡಿದರು. ಮೂರು ಸಲ ಸತ್ತೆವು. ಮೂರನೆಯ ಸಲಕ್ಕೆ ಅವರಿಗೆ ತಡೆಯಲಾಗಲಿಲ್ಲ.

'ಎಲ್ಲಾರೂ ಒಮ್ಮೆಲೇ ಓಡ್ತೀರೆಲ್ಲಲೇ! ನಿಮ್ಮನ್ನ ನೋಡಾವ ಯಾರು? ನಿಮ್ಮವ್ವ ನೋಡ್ತಾಳೇನು?'

'ಕಾಕಾ, ಇದು ಆಟರಿ,' ಎಂದ ದರ್ಜಿ.

'ಆಟದಾಗೂ ಸತ್ತಿ ಇಲ್ಲ? ಸರಿ ಆ ಕಡೆ.'

ದರ್ಜಿಯ ಕತ್ತರಿಸುವ ಮೇಜಿನ ಮೇಲೆ ಒಂದು ಕರಿ ಬಟ್ಟೆ ಹಾಸಿತ್ತು. ಕಾಕಾ ಅವನದೇ ಸೀಮೆಸುಣ್ಣ ತೆಗೆದುಕೊಂಡು ಬಟ್ಟೆಯ ಮೇಲೆ ಒಂದು ಮನೆ, ಒಂದು ಬಯಲು, ಒಂದು ದಿಬ್ಬ ಬರೆದರು. ಗುಂಡಿಯ ಡಬ್ಬಿಯಿಂದ ನಾಲ್ಕು ಗುಂಡಿ ಇಟ್ಟರು. ಎರಡು ಗುಂಡಿ ಸರಿಯುವಾಗ ಎರಡು ಗುಂಡಿ ಕದಲಬಾರದು. ಕದಲದಿರುವ ಗುಂಡಿ ಸುಮ್ಮನೆ ಕೂತಿಲ್ಲ, ಅದು ಕಣ್ಣು. ಸರಿಯುವವರ ಜೀವ ಅದರ ಕಣ್ಣಲ್ಲಿದೆ. ಸರಿದವರು ಹೋಗಿ ಮರೆಯಲ್ಲಿ ಕೂತ ಮೇಲೆ ಇವರು ಕಣ್ಣಾಗುವುದು ಮುಗಿಯಿತು, ಈಗ ಅವರು ಕಣ್ಣು. ಹೀಗೆ ದಿಬ್ಬದ ತನಕ. ಬ್ಲೌಸಿನ ಗುಂಡಿಗಳು ಬಯಲು ದಾಟಿದವು. ಒಂದೂ ಸಾಯಲಿಲ್ಲ.

'ಖರೇ ಹಿಂಗ ಕಲಿಸ್ತಾರೇನ್ರಿ ಕಾಕಾ?' ಎಂದೆ ನಾನು.

'ಓದಿದವ್ರು ನೀವು ಎಲ್ಲಾಕ್ಕೂ ರಸೀದಿ ಕೇಳ್ತೀರಿ ನೋಡು.'

ರಸೀದಿ ನನಗೆ ಮರುವಾರವೇ ಸಿಕ್ಕಿತು. ಕಾಕಾ ಮಗಳ ಹಳೆಯ ಫೋನು ತಂದು ನಾಲ್ಕನೆಯವರಾಗಿ ಕೂತರು. ಅವರ ಗುರಿ ಕೆಟ್ಟದಾಗಿತ್ತು, ಗಾಜಿನ ಮೇಲೆ ಬೆರಳು ಒಗ್ಗುತ್ತಿರಲಿಲ್ಲ. ಆದರೆ ಅವರು ಹೇಳಿದಂತೆ ಜೋಡಿ ಜೋಡಿಯಾಗಿ ಸರಿದಾಗ, ನಮಗಿಂತ ಎಷ್ಟೋ ಚುರುಕಾದ ಬೆರಳಿನವರು ನಮ್ಮ ಮುಂದೆ ಉರುಳಿದರು. ಕಾಕಾ ಮತ್ತು ದರ್ಜಿ ಒಂದು ಜೋಡಿ, ನಾನು ಮತ್ತು ಯಮನೂರಿನವನು ಇನ್ನೊಂದು.

ತೊಡಕು ಬಂದದ್ದು ದಿಕ್ಕಿನಲ್ಲಿ. ವೈರಿ ಕಂಡವನು 'ಎಡಕ್ಕ!' ಎಂದು ಕೂಗುತ್ತಾನೆ, ಯಾರ ಎಡಕ್ಕೆ? ಪರದೆಯ ಮೇಲ್ತುದಿಯಲ್ಲಿ ದಿಕ್ಕಿನ ಅಂಕಿಗಳಿವೆ, ಆದರೆ ಗುಂಡು ಬೀಳುವಾಗ ಅದನ್ನು ಓದಿ ಹೇಳುವುದು ದರ್ಜಿಗೆ ಆಗುತ್ತಿರಲಿಲ್ಲ. ಆಗ ಕಾಕಾ, 'ಎಲ್ಲಾರಿಗೂ ಗೊತ್ತಿದ್ದ ಗುರುತು ಹಿಡೀರಿ' ಎಂದರು. ನಮ್ಮ ಸೀಮೆಯಲ್ಲಿ ಗುಡ್ಡವಿಲ್ಲ. ಕಣ್ಣು ಹಾಯುವಷ್ಟು ದೂರ ಕರಿ ಮಣ್ಣು, ಸಪಾಟು. ಇಲ್ಲಿ ದಿಕ್ಕು ಎಂದರೆ ಊರು. 'ಗದಗಿನ ಕಡೆ ಮೋಡ ಹಾಕೇತಿ' ಎನ್ನುತ್ತೇವೆ, ಈಶಾನ್ಯ ಎನ್ನುವುದಿಲ್ಲ. ಹಾಗಾಗಿ ಆಟದ ನಕಾಶೆಯ ನಡುವೆ ನಮ್ಮ ಅಂಗಡಿ ಇದೆ ಎಂದುಕೊಂಡೆವು. ಮೇಲೆ ಎಡ ಮೂಲೆ ಹುಬ್ಬಳ್ಳಿ, ಮೇಲೆ ಬಲ ಮೂಲೆ ಗದಗ, ಕೆಳಗೆ ಬಲಕ್ಕೆ ಲಕ್ಷ್ಮೇಶ್ವರ, ಕೆಳಗೆ ಎಡಕ್ಕೆ ಶಿಗ್ಗಾಂವಿ. ಯಾವ ದೇಶದ್ದೋ ಕಾಡು, ಯಾವ ದೇಶದ್ದೋ ಸುಟ್ಟ ಊರು, ಅದರ ನಾಲ್ಕು ಮೂಲೆಗೆ ನಮ್ಮ ಊರುಗಳನ್ನು ನೆಟ್ಟೆವು. 'ಲಕ್ಷ್ಮೇಶ್ವರ!' ಎಂದು ಕೂಗಿದರೆ ಸಾಕು, ಯೋಚನೆ ಬರುವ ಮೊದಲೇ ಕತ್ತು ತಿರುಗಿರುತ್ತಿತ್ತು.

ಈ ಏರ್ಪಾಡನ್ನು ಯಮನೂರಿನವನಿಗೆ ತಿಳಿಸುವ ಕೆಲಸ ನನ್ನದಾಗಿತ್ತು. ತಿಳಿಸಿದೆ. 'ಆತು ಬಿಡು' ಎಂದ. ಎಷ್ಟು ತಿಳಿಸಿದೆ ಎಂಬುದೇ ಮುಂದೆ ತಕರಾರಾಯಿತು. ಆಮೇಲಿನ ಮೂರು ವಾರ ಅವನು ಆಟದಲ್ಲಿ ನನ್ನ ಬಾಜುವೇ ಇರುತ್ತಿದ್ದ, ನಾನು ತಿರುಗಿದ ಕಡೆ ತಿರುಗುತ್ತಿದ್ದ. ಆದ್ದರಿಂದ ಏನೂ ಹೊರಗೆ ಬೀಳಲಿಲ್ಲ.

ಹುಬ್ಬಳ್ಳಿಯ ಒಂದು ಮೊಬೈಲ್ ಅಂಗಡಿಯವರು ಪಂದ್ಯ ಇಟ್ಟರು. ಭಾನುವಾರ ಮಧ್ಯಾಹ್ನ. ಎಲ್ಲ ತಂಡಗಳೂ ಅವರವರ ಊರಿನಿಂದಲೇ ಆಡಬೇಕು. ಕೊನೆಗೆ ಎರಡು ತಂಡ ಉಳಿದವು, ಅದರಲ್ಲಿ ಒಂದು ನಾವು. ಎದುರಿನವರು ಯಾವುದೋ ಕಾಲೇಜಿನ ಹುಡುಗರು. ಆಟಕ್ಕೆ ಮೊದಲೇ, 'ಮುತ್ಯಾನ ಟೀಮ್ ಐತಿ, ಹಗೂರಕ ಹೊಡೀರ್ಲೇ' ಎಂದು ಕಾಕಾನ ಮುದಿ ದನಿಗೆ ನಕ್ಕದ್ದು ನಮಗೆಲ್ಲ ಕೇಳಿಸಿತ್ತು. ಕಾಕಾ ಮೀಸೆ ಒರೆಸಿಕೊಂಡರು.

ದಾಟಬೇಕಾಗಿದ್ದದ್ದು ಒಂದು ಗೋಧಿ ಹೊಲ. ಅಂದು ಕಾಕಾ ಜೋಡಿ ಬದಲಿಸಿದರು. ಯಮನೂರಿನವನಿಗೆ ದೂರದ ಗುರಿ ಚೆನ್ನಾಗಿತ್ತು. ಅವನೊಬ್ಬನನ್ನೇ ಎತ್ತರದ ಮನೆಯ ಮಾಳಿಗೆಯಲ್ಲಿ ಕೂರಿಸಿದರು. 'ನೀನ ನಮ್ಮ ಕಣ್ಣು. ಯಾ ಕಡೆ ಹೇಳ್ತೇವಿ ಆ ಕಡೆ ನೋಡು, ಹೊಡಿ,' ಎಂದರು. ನಾವು ಮೂವರು ಹೊಲಕ್ಕಿಳಿದೆವು. ಅರ್ಧ ದಾಟುವಷ್ಟರಲ್ಲಿ ಮೇಲಿನ ಎಡ ಮೂಲೆಯ ಗೋಡೆಯ ಹಿಂದಿನಿಂದ ಎದುರಿನ ನಾಲ್ವರೂ ಎದ್ದರು. ನಾನೇ ಕೂಗಿದೆ, 'ಹುಬ್ಬಳ್ಳಿ! ಹುಬ್ಬಳ್ಳಿ ಕಡೆ!'

ಮಾಳಿಗೆಯಿಂದ ಒಂದು ಗುಂಡೂ ಬರಲಿಲ್ಲ. ಮೊದಲು ದರ್ಜಿ ಬಿದ್ದ, ಆಮೇಲೆ ನಾನು, ಕಾಕಾ ಕೊನೆಗೆ. ಸತ್ತವರಿಗೆ ಉಳಿದವನ ಪರದೆ ಕಾಣಿಸುತ್ತದೆ. ಮೂವರೂ ಕಂಡೆವು: ಅವನ ಬಂದೂಕು ಕೆಳಗಿನ ಎಡ ಮೂಲೆಗೆ, ಖಾಲಿ ರಸ್ತೆಯ ಕಡೆಗೆ ಮುಖ ಮಾಡಿ, ಅಲ್ಲಾಡದೆ ನಿಂತಿತ್ತು. ಕಾಲೇಜಿನ ಹುಡುಗರು ಮೆಟ್ಟಿಲು ಹತ್ತಿ ಹಿಂದಿನಿಂದ ಅವನನ್ನು ಹೊಡೆದರು.

ಕಾಕಾ ಸೋತದ್ದಕ್ಕೆ ಸಿಟ್ಟಾಗಲಿಲ್ಲ. ಅವರಿಗೆ ತಡೆಯಲಾಗದ್ದು ಆ ಅಲ್ಲಾಡದ ಬಂದೂಕು.

'ಝೆರಾಕ್ಸ್ ತಗಿಯಾಕ ಹೋಗಿದ್ದಿ ಅಲ್ಲ?' ಎಂದರು ಫೋನಿಗೆ.

'ಇಲ್ರಿ ಕಾಕಾ. ಇಲ್ಲೇ ಇದ್ನಿ. ನೀವು ಹೇಳಿದ ಕಡೇನ ನೋಡಾಕತ್ತಿದ್ನಿರಿ.'

'ಸುಳ್ಳ ಬೊಗಳಬ್ಯಾಡ. ಹುಬ್ಬಳ್ಳಿ ಅಂತ ಕೂಗ್ಯಾನ, ನಾ ಕೇಳೇನಿ.'

'ಹುಬ್ಬಳ್ಳಿ ಕಡೇನ ನೋಡಿದ್ನಿರಿ!'

'ಕಣ್ಣಾಗಿ ಕೂತಾವ ಎದ್ದ ಹೋದನಂದ್ರ ಅವಗ ನಮ್ಮ ಮಿಲಿಟ್ರಿಯಾಗ ಏನಂತಾರ ಗೊತ್ತೇನು?' ಏನೆನ್ನುತ್ತಾರೆಂದು ಕಾಕಾ ಹೇಳಿದರು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅವನು ಫೋನು ಇಟ್ಟ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

'ನೀ ಅವಗ ಹೇಳಿದ್ದಿ ಅಲ್ಲ, ಹೆಂಗ ಅಂತ?' ಎಂದು ಕಾಕಾ ನನ್ನನ್ನು ಕೇಳಿದರು.

'ಹೇಳೇನ್ರಿ,' ಎಂದೆ. ಆಗ ನನಗೆ ಅನುಮಾನವೇ ಇರಲಿಲ್ಲ. ನನ್ನ ಆ ಒಂದು ಮಾತಿನಿಂದ ಗೆಳೆಯ ಸುಳ್ಳನಾದ.

ಎಲ್ಲರೂ 'ಆಟ, ಬಿಡು' ಎಂದರು. ನಾನು ಬಿಡಲಿಲ್ಲ. ಎಂ.ಎ. ಪರೀಕ್ಷೆಯಲ್ಲಿ ಮೇಲ್ವಿಚಾರಕರು ತಪ್ಪಿ ಒಂದು ಹಾಳೆ ಹೆಚ್ಚಿಗೆ ಕೊಟ್ಟಾಗ ಎದ್ದು ಹೋಗಿ ವಾಪಸು ಕೊಟ್ಟು ಬಂದವನು ಅವನು. ಆಟಕ್ಕೆ ಸುಳ್ಳು ಹೇಳುತ್ತಾನೆಯೇ? ಒಂದು ರಜಾ ದಿನ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ನವಲಗುಂದದ ಬಸ್ಸು ಹತ್ತಿದೆ. ಯಮನೂರಿನಲ್ಲಿ ಅವನ ಅಂಗಡಿಯಲ್ಲಿ ದರ್ಗಾಕ್ಕೆ ಬಂದ ಇಬ್ಬರು ಕಾಗದ ಹಿಡಿದು ನಿಂತಿದ್ದರು. ಅವನು ನನ್ನನ್ನು ನೋಡಿ ಸ್ಟೂಲು ತೋರಿಸಿದ.

'ಹುಬ್ಬಳ್ಳಿ ಯಾ ಕಡೆ ಐತೋ?' ಎಂದೆ.

'ಈಗ ಬಂದಿ ಅಲ್ಲೇನು ಅಲ್ಲಿಂದ?'

'ತೋರಸು.'

ಅವನು ಯಂತ್ರದಿಂದ ಕಣ್ಣೆತ್ತದೆ ಹೆಬ್ಬೆರಳಿನಿಂದ ಹೆಗಲ ಹಿಂದೆ ತೋರಿಸಿದ. ನಾನು ಫೋನು ತೆಗೆದು ನಕಾಶೆ ನೋಡಿದೆ. ಯಮನೂರಿನಲ್ಲಿ ಕೂತವನಿಗೆ ಹುಬ್ಬಳ್ಳಿ ಇರುವುದು ಕೆಳಗಿನ ಎಡ ಮೂಲೆಯಲ್ಲಿ. ಆ ಖಾಲಿ ರಸ್ತೆಯ ಕಡೆ. ನಮ್ಮ ನಾಲ್ಕು ಊರುಗಳೂ ಸಂಶಿಯ ಕಟ್ಟೆಯಿಂದ ಎಣಿಸಿದ್ದು. ಅವನು ತನ್ನ ಅಂಗಡಿಯಿಂದ ಎಣಿಸಿದ್ದ. ಆದೇಶವನ್ನು ಅವನಷ್ಟು ಚೊಕ್ಕವಾಗಿ ಪಾಲಿಸಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

'ಸಂಶಿಯಿಂದ ಎಣಸಬೇಕಂತ ಹೇಳಿದ್ನಲ್ಲೋ?' ಎಂದೆ.

'ಹೇಳಿದ್ರ ಎಣಸ್ತಿದ್ನಿಲ್ಲೇನಲೇ?' ಎಂದ. 'ನೀ ಹೇಳಿಲ್ಲ. ಹೇಳೇನಿ ಅಂತ ಕಾಕಾನ ಮುಂದ ಹೇಳಿಯಂತ. ದರ್ಜಿ ಹೇಳಿದ.'

ಅವನು ಗಿರಾಕಿಗೆ ಕಾಗದ ಕೊಟ್ಟು, ನನಗೆ ಚಹಾ ತರಿಸಿದ. ಅದು ಕ್ಷಮೆಯಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

ಮರುದಿನ ದರ್ಜಿ ಅಂಗಡಿಯಲ್ಲಿ ಕಾಕಾನ ಎದುರಿಗೆ ನಕಾಶೆ ಬಿಚ್ಚಿ ಇಟ್ಟೆ. ಹಿರಿಯರಿಗೆ ಎದುರು ಮಾತಾಡಿದ್ದು ಅದೇ ಮೊದಲು. 'ಕಾಕಾ, ಅಂವ ಎದ್ದ ಹೋಗಿಲ್ಲ. ಹುಬ್ಬಳ್ಳಿ ಕಡೇನ ನೋಡ್ಯಾನ, ಅವನ ಹುಬ್ಬಳ್ಳಿ. ನೀವು ಅಂದ ಮಾತು ವಾಪಸ್ ತಗೋರಿ.'

ಕಾಕಾ ನಕಾಶೆಯನ್ನು ಬಹಳ ಹೊತ್ತು ನೋಡಿದರು. 'ನೀ ಹೇಳೇನಿ ಅಂದಿ. ಹೇಳಿದ ಮ್ಯಾಲ ಹಂಗ ನೋಡಿದ್ರ ತಪ್ಪು ಅವಂದ.'

'ನನ್ನ ನೆನಪು ಸುಳ್ಳಿರಬಹುದರಿ. ಅವನ ಮಾತು ಸುಳ್ಳಲ್ಲ.'

'ಇರಬಹುದು ಅಂದ್ರ? ಹೇಳಿದ್ಯೋ ಇಲ್ಲೋ?'

'ಗೊತ್ತಿಲ್ಲರಿ. ಆದ್ರ ಅವನ್ನ ಕರಿಯೂ ತನಕ ನಾ ಆಡಾಂಗಿಲ್ಲ.'

ದರ್ಜಿ ಇದ್ದಕ್ಕಿದ್ದಂತೆ ತನ್ನ ಫೋನನ್ನು ಗುಂಡಿಯ ಡಬ್ಬಿಯೊಳಗಿಟ್ಟು ಮುಚ್ಚಿದ. 'ನಂದೂ ಅಷ್ಟರಿ. ಬ್ಲೌಸ್ ಭಾಳ ಉಳದಾವ.'

ಕಾಕಾ ಎದ್ದು ಹೋದರು. ಎರಡು ವಾರ ಅಂಗಡಿಯ ಕಡೆ ಸುಳಿಯಲಿಲ್ಲ. ಹವಾಲ್ದಾರರ ಎದುರು ಮಾಸ್ತರ ಸೊಕ್ಕು ಮಾಡಿದ ಎಂಬ ಸುದ್ದಿ ನಮ್ಮ ಮನೆಗೂ ಮುಟ್ಟಿತು. ಹೋಗಿ ಕಾಲು ಹಿಡಿ ಎಂದು ತಂದೆ ಹೇಳಿದರು. ನಾನು ಹೋಗಲಿಲ್ಲ. ಇವತ್ತು ಹೇಳಿದರೂ ಹೋಗುವುದಿಲ್ಲ.

ಕೊನೆಗೆ ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕೂತರು. ತಾವೇ ಯಮನೂರಿಗೆ ಫೋನು ಹಚ್ಚಿದರು. ಎಲ್ಲರಿಗೂ ಕೇಳುವಂತೆ ಇಟ್ಟರು.

'ಏನಪಾ, ಗಿರಾಕಿ ಅದಾರೇನು?'

'ಇಬ್ರ ಅದಾರ್ರಿ.'

'ಅವರನ್ನ ಕಳಿಸಿ ಬಾ. ಇನ್ಮ್ಯಾಲ ಊರ ಹೆಸರ ಬ್ಯಾಡ, ಮ್ಯಾಲಿನ ಅಂಕಿನ ಹೇಳೂದು. ದರ್ಜಿಗೆ ನಾ ಕಲಸ್ತೇನಿ.' ಮೀಸೆ ಒರೆಸಿಕೊಂಡರು. 'ಅವತ್ತ ಅಂದದ್ದು ನಾ ಅನಬಾರದಿತ್ತು.'

ಆ ಕಡೆ ಅವನು ಝೆರಾಕ್ಸ್ ಯಂತ್ರ ನಿಲ್ಲಿಸಿದ. ಆಮೇಲೆ, 'ಬರ್ತೇನ್ರಿ ಕಾಕಾ,' ಎಂದ. ನನ್ನ ಹೆಸರು ಹಿಡಿದು ಏನೂ ಹೇಳಲಿಲ್ಲ. ಅವನೊಂದಿಗೆ ನನ್ನ ಲೆಕ್ಕ ಇನ್ನೂ ಬಗೆಹರಿದಿರಲಿಲ್ಲ.

ಈಗಲೂ ನಾಲ್ವರೂ ಆಡುತ್ತೇವೆ. ಅಂಕಿ ಕೂಗುವುದು ನೀರಸ, ಆದರೆ ಯಾವ ಊರಿನಲ್ಲಿ ಕೂತರೂ ಅದು ಒಂದೇ. ಕಾಲೇಜಿನ ಹುಡುಗರನ್ನು ಆಮೇಲೆ ಎರಡು ಸಲ ಸೋಲಿಸಿದೆವು ಎಂದು ದರ್ಜಿ ಹೇಳುತ್ತಾನೆ. ಒಂದೇ ಸಲ ಎಂದು ನನ್ನ ನೆನಪು. ಅದರ ಮೇಲೆ ನಾನು ವಾದ ಮಾಡುವುದಿಲ್ಲ.

ಹೋದ ತಿಂಗಳು ಹೊಸ ಫೋನಿಗೆ ಬದಲಾಗುವಾಗ ದರ್ಜಿ, ಒಳಗಿದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸಿ ಕೊಡಲೆಂದು, ತನ್ನ ಹಳೆಯದನ್ನು ನನ್ನ ಕೈಗೆ ಕೊಟ್ಟ. ಅವನು ಯಾವ ಸಂದೇಶವನ್ನೂ ಅಳಿಸಿದವನಲ್ಲ. ನಮ್ಮ ನಾಲ್ವರ ಗುಂಪಿನಲ್ಲಿ, ಪಂದ್ಯಕ್ಕೆ ಮೂರು ವಾರ ಮೊದಲು, ನಾನು ಯಮನೂರಿನವನಿಗೆಂದು ಕಳಿಸಿದ ಧ್ವನಿ ಸಂದೇಶ ಸಿಕ್ಕಿತು. ಅದರ ಕೆಳಗೇ ಅವನ 'ಆತು ಬಿಡು' ಇತ್ತು. ನಾನು ಅವನಿಗೆ ಫೋನು ಮಾಡಿಯೇ ಇರಲಿಲ್ಲ. ಮಾತು ರೆಕಾರ್ಡ್ ಮಾಡಿ ಕಳಿಸಿದ್ದೆನಷ್ಟೆ. ನಾಲ್ಕು ಸಲ ಕೇಳಿದೆ, ಒಮ್ಮೆ ಕಾಗದದ ಮೇಲೆ ಬರೆದೂ ಇಟ್ಟುಕೊಂಡೆ. ಹುಬ್ಬಳ್ಳಿ ಇದೆ, ಗದಗ ಇದೆ, ಲಕ್ಷ್ಮೇಶ್ವರ, ಶಿಗ್ಗಾಂವಿ ಇವೆ. ಎಲ್ಲಿಂದ ಎಣಿಸಬೇಕೆಂದು ನಾನು ಹೇಳಿಲ್ಲ.