ಹೊರಗಿನವರನ್ನು ಕೇಳುತ್ತಿದ್ದ ಧರ್ಮರಾಜರು

ವೆಬ್‌ಸೈಟ್ ಕಟ್ಟುವವರಿಗೆ ಸಿಗುವ ಹೆಸರು ಅದನ್ನು ಕಾಯುವವರಿಗೆ ಸಿಗುವುದಿಲ್ಲ. ಲಕ್ಷಾಂತರ ಜನ ಬಸ್ಸಿನ ಸೀಟು ಕಾಯ್ದಿರಿಸುವ ವೆಬ್‌ಸೈಟೊಂದನ್ನು ಖರಾಡಿಯ ಕಚೇರಿಯಲ್ಲಿ ಕೂತು ಹತ್ತೊಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದು, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಧರ್ಮರಾಜ ಹೂಗಾರ ಅವರು ಅಂಥ ಕಾವಲಿನವರಲ್ಲಿ ಹಿರಿಯರು. ಭೋಸರಿಯ ಕಾರ್ಖಾನೆಯಲ್ಲಿ ಫಿಟರ್ ಆಗಿ ದುಡಿಮೆ ಆರಂಭಿಸಿ, ಸಂಜೆಯ ತರಗತಿಗಳಲ್ಲಿ ಕಂಪ್ಯೂಟರ್ ಕಲಿತ ಅವರು, ಯಂತ್ರ ನಿಂತರೆ ಬಿಚ್ಚುವ ಮೊದಲು ಸ್ವಿಚ್ಚು ನೋಡಬೇಕೆಂಬ ಅಲ್ಲಿನ ಬುದ್ಧಿಯನ್ನು ಇಲ್ಲಿಗೂ ತಂದರು. ಸೈಟು ತೆರೆಯುತ್ತಿಲ್ಲವೆಂದು ಯಾರಾದರೂ ಓಡಿ ಬಂದರೆ ಅವರ ಮೊದಲ ಪ್ರಶ್ನೆ ಒಂದೇ: "ನಮಗಷ್ಟ ಬಂದ್ ಆಗೇದೋ, ಎಲ್ಲಾರಿಗೂನೋ? ಹೊರಗ ಕೇಳೀರೇನು?"

ಈ ಪ್ರಶ್ನೆಯ ಬೆಲೆ ಅವರ ಕಿರಿಯ ಸಹೋದ್ಯೋಗಿ ರೇಣು ಅವರಿಗೆ ಚೆನ್ನಾಗಿ ಗೊತ್ತು. ನಾಲ್ಕು ವರ್ಷದ ಹಿಂದೆ, ದೀಪಾವಳಿಗೆ ಮುಂಚಿನ ವಾರ, ಅವರ ನೌಕರಿ ಖಾಯಂ ಆಗಲು ಹನ್ನೆರಡೇ ದಿನ ಉಳಿದಿದ್ದಾಗ, ಬೆಳಿಗ್ಗೆ ಹತ್ತಕ್ಕೆ ಸೈಟು ತೆರೆಯಲಿಲ್ಲ. ರೇಣು ಕಂಪ್ಯೂಟರಿನಲ್ಲಿ ನೋಡಿದರು, ತಮ್ಮ ಮೊಬೈಲಿನಲ್ಲಿ ನೋಡಿದರು, ಪಕ್ಕದವರ ಮೊಬೈಲಿನಲ್ಲೂ ನೋಡಿದರು, ಮೂರರಲ್ಲೂ ಬಂದ್. ನೂಕುನುಗ್ಗಲಿನ ಬಸ್ಸಿನಲ್ಲಿದ್ದ ಧರ್ಮರಾಜರಿಗೆ ಫೋನ್ ಕೇಳಿಸಲಿಲ್ಲ. ರೇಣು, ಸೈಟು ನಿಂತಿದೆ, ಸೀಟುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ ಎಂದು ಬಸ್ ಮಾಲೀಕರಿಗೂ ಏಜೆಂಟರಿಗೂ ಸಂದೇಶ ಕಳಿಸಿಬಿಟ್ಟರು.

ಧರ್ಮರಾಜರು ಬಂದವರೇ, ಹೆಗಲ ಚೀಲವನ್ನೂ ಇಳಿಸದೆ, ಶಿರೂರಿನಲ್ಲಿ ಟಿಕೆಟ್ ಅಂಗಡಿ ಇಟ್ಟಿರುವ ನಾಗವ್ವನವರಿಗೆ ಫೋನ್ ಹಚ್ಚಿದರು.

"ಸೈಟ್ ತೆಗೀತದೇನ್ರಿ, ನಾಗವ್ವಾರ?"

"ಛಲೋ ತೆಗೀತದ್ರಿ. ಈಗ ಎರಡು ಸೀಟ್ ಬುಕ್ ಮಾಡೇನಿ. ಮತ್ತ ಬಂದ್ ಅಂತ ಯಾಕ ಕಳಿಸೀರಿ?"

ಅಡ್ಡಿ ಬಿದ್ದದ್ದು ಕಚೇರಿಯ ಇಂಟರ್ನೆಟ್ಟಿನಿಂದ ಈ ಸೈಟಿಗೆ ಹೋಗುವ ದಾರಿಯಲ್ಲಿ ಮಾತ್ರ. ರೇಣು ನೋಡಿದ ಮೂರೂ ಸಾಧನಗಳು ಅಲ್ಲಿನ ಒಂದೇ ವೈಫೈಗೆ ಅಂಟಿಕೊಂಡಿದ್ದವು. ಒಂದೇ ಮನೆಯ ಮೂವರು ಹೇಳಿದರೂ ಸಾಕ್ಷಿ ಒಂದೇ ತಾನೆ? ಅಷ್ಟರಲ್ಲಿ ಅರವತ್ತೆರಡು ಸೀಟುಗಳು ಸೈಟಿನಲ್ಲೊಬ್ಬರಿಗೆ, ಕಾಗದದಲ್ಲಿ ಇನ್ನೊಬ್ಬರಿಗೆ ಹೋಗಿದ್ದವು. ಧರ್ಮರಾಜರು ರೇಣು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಂಜೆಯವರೆಗೆ ಒಬ್ಬೊಬ್ಬ ಪ್ರಯಾಣಿಕರಿಗೂ ಫೋನ್ ಮಾಡಿ, ಮರಾಠಿಯಲ್ಲಿ, ಹಿಂದಿಯಲ್ಲಿ ಕ್ಷಮೆ ಕೇಳಿ, ಬೇರೆ ಬಸ್ಸುಗಳಲ್ಲಿ ಜಾಗ ಮಾಡಿಸಿದರು. ಒಮ್ಮೆಯೂ ಗದರಲಿಲ್ಲ. ನಡುವೆ ಚಹಾ ತರಿಸಿ, "ಮೊದಲ ಇದನ್ನ ಕುಡಿ ತಂಗಿ, ಅಳೂದು ಆಮ್ಯಾಲ" ಎಂದರು.

ಮೇಲಿನವರು ಕೇಳಿದ ವರದಿಯಲ್ಲಿ ರೇಣು ತಪ್ಪೆಲ್ಲ ತಮ್ಮದೆಂದು ಬರೆದರು. ಧರ್ಮರಾಜರು ಅದನ್ನು ಅಳಿಸಲಿಲ್ಲ, ಕೆಳಗೆ ತಮ್ಮದೊಂದು ಮಾತು ಸೇರಿಸಿದರು: "ಹೊರಗೆ ಕೇಳಿ ನೋಡಬೇಕೆಂಬುದು ನನ್ನ ತಲೆಯಲ್ಲಿತ್ತೇ ಹೊರತು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಈಕೆಯನ್ನು ಕಳಿಸುವುದಾದರೆ ಮೊದಲು ನನ್ನನ್ನು ಕಳಿಸಬೇಕು." ರೇಣು ಅವರ ನೌಕರಿ ಉಳಿಯಿತು.

ಮುಂದಿನ ತಿಂಗಳಿಂದ ಧರ್ಮರಾಜರ ಕುರ್ಚಿಯಲ್ಲಿ ಕೂರಬೇಕಾದವರು ಅದೇ ರೇಣು. ಕಳೆದ ವಾರ ಅವರು, "ಸರ್, ನೀವಿಲ್ಲಂದ್ರ ನನಗ ಭಾಳ ಅಂಜಿಕಿ ಆಗ್ತದ್ರಿ" ಎಂದಾಗ ಧರ್ಮರಾಜರು ನಕ್ಕುಬಿಟ್ಟರು.

"ಹುಚ್ಚಿ, ಇಷ್ಟ ದಿನ ನಾ ಒಳಗಿದ್ದೆ. ಇನ್ನ ನಾನೂ ಹೊರಗಿನಾಂವ. ಬಂದ್ ಕಂಡ್ರ ನನಗ ಫೋನ್ ಹಚ್ಚು, ತೆಗೆದು ನೋಡಿ ಹೇಳ್ತೀನಿ."

ಸೈಟು ಚೆನ್ನಾಗಿ ನಡೆಯುತ್ತಿರುವ ದಿನಗಳಲ್ಲೂ ರೇಣು ಫೋನ್ ಹಚ್ಚುವುದು ಖಂಡಿತ. ಅದನ್ನು ಎತ್ತಿಕೊಳ್ಳಲು ಧರ್ಮರಾಜರು ನೂರು ವರ್ಷ ಗಟ್ಟಿಯಾಗಿರಲಿ.