ಕೆರೆಯ ತಳದಲ್ಲಿ ಅಕ್ಕನ ಮದರಂಗಿ

ನಾನಿನ್ನೂ ಅಕ್ಕನ ಕಿವಿಮಟ್ಟಕ್ಕೂ ಬಾರದಷ್ಟು ಚಿಕ್ಕವಳಿದ್ದಾಗ ನನಗೆ ಅವಳ ಕಾಲ್ಬೆರಳುಗಳ ಮೇಲೆ ಹೊಟ್ಟೆಕಿಚ್ಚಿತ್ತು. ಅವಳ ಜಡೆ ನನ್ನದಕ್ಕಿಂತ ಉದ್ದವಿತ್ತು, ಅದಕ್ಕೆ ನಾನು ಬೇಸರಪಟ್ಟವಳಲ್ಲ. ಕಾಲ್ಬೆರಳುಗಳ ಮಾತು ಬೇರೆ. ಮನೆಯವರೆಲ್ಲ ಅವಕ್ಕಾಗಿ ಕಾಯುತ್ತಿದ್ದರು.

ಮೂಡುಬಿದಿರೆಯಿಂದ ಪುತ್ತಿಗೆಗೆ ಹೋಗುವ ದಾರಿಯ ಬದಿಯಲ್ಲಿ ನಮ್ಮ ದೊಡ್ಡ ಕೆರೆ. ಆಚೆ ಮೂಲೆಯಲ್ಲಿ ಎಮ್ಮೆ ಮೀಯಿಸುವವರು ಈಚೆಯಿಂದ ಗೊಂಬೆಗಳಷ್ಟು ಸಣ್ಣಗೆ ಕಾಣುತ್ತಿದ್ದರು. ನಮ್ಮ ಬಾವಿಯ ನೀರಿಗೆ ತುಕ್ಕಿನ ರುಚಿ. ಕುಡಿಯಲು ಕೆರೆಯ ನೀರೇ ಆಗಬೇಕು. ಆದರೆ ಮಳೆಗಾಲದಲ್ಲಿ ಕೆರೆ ಕೆಂಪಾಗುತ್ತಿತ್ತು, ಆಗ ಬಾವಿಯ ನೀರೇ ಗತಿ. ಮಣ್ಣು ತಳಕ್ಕೆ ಕೂತಿದೆಯೇ ಎಂದು ತಿಳಿಯಲು ನಮ್ಮಲ್ಲಿ ಒಂದು ಕ್ರಮವಿತ್ತು. ದೀಪಾವಳಿಗೆ ಹಂಡೆಗೆ ನೀರು ತುಂಬುವ ಸಂಜೆ, ಕಾಲುಗುರಿಗೆ ಮದರಂಗಿ ಹಚ್ಚಿದ ಹಿರಿಯ ಮಗಳು ಕರಿಕಲ್ಲಿನ ಮೆಟ್ಟಿಲಿಳಿದು, ಎದೆಮಟ್ಟ ನೀರಿನಲ್ಲಿ ನಿಂತು, ಬಗ್ಗಿ ನೋಡುವುದು. ಕೆಂಪು ಉಗುರುಗಳು ಕಂಡರೆ ಅಂದಿನಿಂದ ಕೆರೆಯ ನೀರು ಕುಡಿಯಬಹುದು. ಅಕ್ಕ ‘ಕಾಣ್ತದೆ’ ಎನ್ನುವವರೆಗೆ ಅಪ್ಪನೂ ಕೊಡ ಮುಳುಗಿಸುವಂತಿರಲಿಲ್ಲ.

ಒಂದು ವರ್ಷ ಆ ದಿನ ಮಧ್ಯಾಹ್ನ ಯಾರಿಗೂ ಹೇಳದೆ ಹಿತ್ತಿಲ ಮದರಂಗಿ ಸೊಪ್ಪು ಅರೆದು ನನ್ನ ಉಗುರುಗಳಿಗೂ ಮೆತ್ತಿಕೊಂಡೆ. ಸಂಜೆ ಅಪ್ಪನ ಮುಂದೆ ಕಾಲು ಚಾಚಿ, ಈ ಸಲ ನಾನು ನೋಡುತ್ತೇನೆ ಎಂದೆ.

ಅಕ್ಕ ನಕ್ಕಳು. “ಮೊದಲು ಉದ್ದ ಆಗು. ಮತ್ತೆ ನೋಡುವ.”

ಅಪ್ಪ ನಗಲಿಲ್ಲ. “ಇಳಿಯಲಿ. ಆದರೆ ಕಂಡರೆ ಮಾತ್ರ ಕಂಡಿತು ಅಂತ ಹೇಳಬೇಕು. ಕುಡಿಯುವ ನೀರು ಮಾರಾಯ್ತಿ, ಆಟ ಅಲ್ಲ.”

ನನ್ನ ಎದೆಮಟ್ಟಕ್ಕೆ ನೀರು ಬರುವ ಮೆಟ್ಟಿಲಲ್ಲೇ ನಿಲ್ಲಬಹುದಿತ್ತು. ನನಗೆ ಅಕ್ಕ ನಿಲ್ಲುವ ಮೆಟ್ಟಿಲೇ ಬೇಕಿತ್ತು. ಅಪ್ಪ ಕೈಗೆಟಕುವಷ್ಟು ಹತ್ತಿರ ನಿಂತಿದ್ದರು. ಇಳಿದೆ. ತಣ್ಣನೆಯ ನೀರು ಹೊಟ್ಟೆಗೆ, ಕತ್ತಿಗೆ, ಗಲ್ಲಕ್ಕೆ ಬಂತು. ತುಟಿಗೆ ತಾಗಿದ ನೀರಿನಲ್ಲಿ ತಾವರೆ ಎಲೆಯ ವಾಸನೆಯಿತ್ತು. ನೋಡಲು ತಲೆ ಬಗ್ಗಿಸಿದೊಡನೆ ಮೂಗಿಗೆ ನೀರು ನುಗ್ಗಿತು. ಕೆಮ್ಮಿದೆ. ಮತ್ತೆ ಬಗ್ಗಿಸಿದೆ, ಮತ್ತೆ ಕೆಮ್ಮಿದೆ. ದಡದಲ್ಲಿ ಅಮ್ಮ ಖಾಲಿ ಕೊಡಗಳೊಂದಿಗೆ ಕಾಯುತ್ತಿದ್ದರು. ‘ಕಾಣ್ತದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಮ್ಮೆ ಹೇಳಿಬಿಟ್ಟರೆ ಆ ಕೆಲಸ ನನ್ನದಾಗುತ್ತಿತ್ತು.

“ಇಲ್ಲ,” ಎಂದೆ.

ಅಕ್ಕ ಇಳಿದು ಬಂದು ನನ್ನ ಪಕ್ಕ ನಿಂತು ಬಗ್ಗಿ ನೋಡಿದಳು. “ಕಾಣ್ತದೆ ಅಪ್ಪ. ನನ್ನದೂ ಕಾಣ್ತದೆ, ಇವಳದ್ದೂ ಕಾಣ್ತದೆ. ಇವಳದ್ದು ಮದರಂಗಿ ಅಲ್ಲ, ಕೆಸರು ಮೆತ್ತಿದ ಹಾಗೆ ಉಂಟು.”

ಆಮೇಲೆ ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತಿದಳು. “ಈಗ ನೋಡು.”

ಅಷ್ಟು ಆಳದಲ್ಲಿ, ಕರಿಕಲ್ಲಿನ ಮೇಲೆ, ಅವಳ ಉಗುರುಗಳು ಗುಲಗಂಜಿಯಂತೆ ಹೊಳೆಯುತ್ತಿದ್ದವು. ನನ್ನ ಕಾಲುಗಳು ನಡುನೀರಿನಲ್ಲಿ ನೇತಾಡುತ್ತಿದ್ದವು. ಎತ್ತಿ ತೋರಿಸಿದವಳ ಮೇಲೆ ಪ್ರೀತಿ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಅಂದು ಕುಡಿದ ನೀರು ಸಿಹಿಯಾಗಿತ್ತು. ಅದೂ ನನಗೆ ಸಿಟ್ಟು ತರಿಸಿತು.

ಅಕ್ಕ ಮದುವೆಯಾಗಿ ಮಡಂತ್ಯಾರಿಗೆ ಹೋದ ಮೇಲೆ ಆ ಮೆಟ್ಟಿಲು ನನ್ನದಾಯಿತು. ಆಗ ನಾನು ಅವಳಷ್ಟೇ ಉದ್ದ. ಆದರೆ ಅಷ್ಟರಲ್ಲಿ ಕೆರೆಯಲ್ಲಿ ನಾರು ತೆಗೆಯಲು ತೆಂಗಿನ ಸಿಪ್ಪೆ ನೆನೆಹಾಕತೊಡಗಿದ್ದರು. ಮೇಲಿನ ಗದ್ದೆಗಳಿಂದ ಹೊಸ ಗೊಬ್ಬರದ ನೀರೂ ಹರಿದು ಬರುತ್ತಿತ್ತು. ಮೊದಲ ವರ್ಷ ನನ್ನ ಉಗುರುಗಳು ಮಂಜಿನೊಳಗಿಂದ ಕಂಡ ಹಾಗೆ ಕಂಡವು. ಮುಂದೆ ಒಂದು ಮೆಟ್ಟಿಲು ಮೇಲೆ ನಿಂತರೆ ಮಾತ್ರ ಕಂಡವು. ಆಮೇಲೆ ಇನ್ನೂ ಒಂದು ಮೇಲೆ. ನಾನು ನಿಲ್ಲುವ ನೀರು ಸೊಂಟಕ್ಕಿಳಿಯಿತು, ಮೊಣಕಾಲಿಗಿಳಿಯಿತು. ಒಂದು ದೀಪಾವಳಿಗೆ ಅಪ್ಪ ಖಾಲಿ ಕೊಡ ಎತ್ತಿಕೊಂಡು ಮನೆಗೆ ನಡೆದರು.

ಮೊಮ್ಮಕ್ಕಳೇ, ಈಗ ನಿಮ್ಮ ಮನೆಯಲ್ಲಿ ಗೋಡೆಯ ಫಿಲ್ಟರಿನಿಂದ ಶುದ್ಧ ನೀರು ಬರುತ್ತದೆ. ಯಾರೂ ಕಾಲು ಒದ್ದೆ ಮಾಡಿಕೊಳ್ಳಬೇಕಾಗಿಲ್ಲ. ಕಳೆದ ರಜೆಯಲ್ಲಿ ನಿಮ್ಮಲ್ಲಿ ಕಿರಿಯವಳು ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಂಡು ನನ್ನೊಂದಿಗೆ ಕೆರೆಗೆ ಬಂದಳು. ಮೊದಲ ಮೆಟ್ಟಿಲಲ್ಲೇ ಹಸಿರು ನೀರು ಅವಳ ಪಾದವನ್ನು ನುಂಗಿತು. ಅವಳಿಗೆ ಆಶ್ಚರ್ಯವೂ ಆಗಲಿಲ್ಲ. “ಕೆರೆ ಅಂದ್ರೆ ಹೀಗೇ ಅಲ್ವಾ ಅಜ್ಜಿ?” ಎಂದಳು.

ಅಲ್ಲ ಮಗಾ. ಅಕ್ಕನ ಮೇಲಿನ ಆ ಹೊಟ್ಟೆಕಿಚ್ಚನ್ನು ನಾನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅಕ್ಕ ಈಗಿಲ್ಲ. ಆ ಆಳದಲ್ಲಿ ಕೆಂಪು ಉಗುರುಗಳನ್ನು ಕಂಡವಳು ನಮ್ಮ ಮನೆಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಈಗ ನೀವು ನನ್ನ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚು ಪಡಬೇಕು.